ಅಕ್ಕನಿಗೆ ನಾನು ಹೇಳಿದ ಬೆಳ್ಳುಳ್ಳಿ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಾನು ಇಪ್ಪತ್ತಮೂರು ವರ್ಷಗಳಿಂದ ನಿಂತಿದ್ದೇನೆ. ಅಂಗಡಿ ನನ್ನದಲ್ಲ, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು ಮಾತ್ರ ನನ್ನದು. ಬರುವವರಲ್ಲಿ ಅರ್ಧದಷ್ಟು ಜನ ಬಿಪಿ ಮಾತ್ರೆಗೆ ಬರುತ್ತಾರೆ. ಜೀನ್ಸ್ ಹೊಲಿದು ಬೆರಳೆಲ್ಲ ನೀಲಿಯಾದ ಹೆಂಗಸರು, ನಿವೃತ್ತರಾದ ಮೇಷ್ಟರು, ಆಟೋದವರು. ಅವರು ಚೀಟಿ ತೆಗೆಯುವ ಮೊದಲೇ ಯಾರಿಗೆ ಯಾವ ಮಾತ್ರೆ ಎಂದು ನನ್ನ ಕೈಗೆ ಗೊತ್ತಿರುತ್ತದೆ. ಎರಡು ದಿನ ತಡವಾಗಿ ಬಂದವರನ್ನು ನಾನು ಗದರಿಸಿದ್ದೂ ಉಂಟು. ಇಷ್ಟೆಲ್ಲ ತಿಳಿದ ನಾನೇ ನನ್ನನ್ನು ಸಾಕಿದ ಅಕ್ಕನಿಗೆ ಮಾತ್ರೆ ಬಿಡು, ಬೆಳ್ಳುಳ್ಳಿ ತಿನ್ನು ಎಂದು ಹೇಳಿದೆ. ಅದನ್ನು ಬಾಯಿ ಬಿಟ್ಟು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು.

ನಾವು ಮೂಲತಃ ಕುರುಗೋಡಿನವರು. ಅರಳೆ ಹಿಂಜಿ ಗಾದಿ ತುಂಬುವುದು ನಮ್ಮ ಮನೆತನದ ಕಸುಬು. ಅಪ್ಪ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಸುತ್ತಲ ಹಳ್ಳಿ ತಿರುಗುತ್ತಿದ್ದ, ವಾರಕ್ಕೊಮ್ಮೆ ಹುಬ್ಬು ಮೀಸೆಗಳಲ್ಲೆಲ್ಲ ಬಿಳಿ ನಾರು ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಂದಿನಿಂದ ಒಲೆ, ನೀರು, ನಾನು, ಮೂರೂ ಅವಳ ಪಾಲಿಗೆ ಬಂದವು. ನಾನು ಹತ್ತನೆಯ ತರಗತಿ ಪಾಸಾಗುವವರೆಗೆ ಅವಳು ಮದುವೆಗೆ ಒಪ್ಪಲಿಲ್ಲ. ಬಂದ ಸಂಬಂಧಗಳನ್ನೆಲ್ಲ ತಮ್ಮನ ಸಾಲಿ ಮುಗಿಲಿ ಎಂದು ವಾಪಸು ಕಳಿಸಿದಳು. ಕೊನೆಗೆ ಇಪ್ಪತ್ತಾರರಲ್ಲಿ ಸಿರುಗುಪ್ಪದ ಗಾದಿ ಅಂಗಡಿಯವನನ್ನು ಮಾಡಿಕೊಂಡಳು. ನಾನು ಬಳ್ಳಾರಿಗೆ ಬಂದು ಫಾರ್ಮಸಿ ಓದಿದ್ದು ಅವಳು ದಿಂಬಿನ ಚೀಲ ಹೊಲಿದು ಕಳಿಸಿದ ಹಣದಲ್ಲಿ. ಮನೆಯಲ್ಲಿ ಓದಿದವನು ನಾನೊಬ್ಬನೇ. ಹಾಗಾಗಿ ಯಾರಿಗೆ ಜ್ವರ ಬಂದರೂ ಫೋನು ನನಗೆ ಬರುತ್ತಿತ್ತು. ಅಕ್ಕನಂತೂ ಡಾಕ್ಟರು ಬರೆದುಕೊಟ್ಟದ್ದನ್ನೂ ನಾನು ಹೂಂ ಅಂದ ಮೇಲೆಯೇ ನುಂಗುತ್ತಿದ್ದಳು.

ಅವಳಿಗೆ ಬಿಪಿ ಇದೆ ಎಂದು ಗೊತ್ತಾದದ್ದು ಐವತ್ತರ ಹೊತ್ತಿಗೆ. ಬೆಳಿಗ್ಗೆ ಏಳುತ್ತಲೇ ತಲೆ ಸಿಡಿಯುತ್ತದೆ ಅನ್ನುತ್ತಿದ್ದಳು. ನಾನೇ ಬಳ್ಳಾರಿಗೆ ಕರೆಸಿ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಬಿಪಿ ಜೋರಾಗಿಯೇ ಇತ್ತು. ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿದರು. ಕಿಡ್ನಿಗೆ ಏನೂ ಆಗಿರಲಿಲ್ಲ. ಆ ಕಾಗದವನ್ನು ನಾನೇ ಓದಿ ಹೇಳಿದ್ದೆ, ಕಿಡ್ನಿ ಚೊಲೋ ಅದಾವ, ಹೆದರಬ್ಯಾಡ ಎಂದು. ದಿನಕ್ಕೊಂದು ಮಾತ್ರೆ ಬರೆದರು. ತಿಂಗಳ ಮಾತ್ರೆಯನ್ನು ನಾನು ಸಿರುಗುಪ್ಪದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೆ. ಕೆಲವೇ ವಾರಗಳಲ್ಲಿ ತಲೆನೋವು ನಿಂತಿತು.

ಆದರೆ ಕೆಮ್ಮು ಶುರುವಾಯಿತು. ಕಫವಿಲ್ಲದ, ಗಂಟಲು ಕೆರೆಯುವ ಒಣಕೆಮ್ಮು. ಮೊದಮೊದಲು ಅರಳೆಯ ಧೂಳಿಗೆ ಬಂದದ್ದು ಎಂದು ಎಲ್ಲರೂ ಅಂದುಕೊಂಡೆವು. ನನಗೆ ಮಾತ್ರ ಒಳಗೊಳಗೆ ಅನುಮಾನವಿತ್ತು. ಆ ಜಾತಿಯ ಮಾತ್ರೆ ಕೆಲವರಿಗೆ ಕೆಮ್ಮು ತರುತ್ತದೆ. ಅಂಥವರಿಗೆ ಡಾಕ್ಟರು ಬೇರೆ ಮಾತ್ರೆಗೆ ಬದಲಿಸಿದ ಚೀಟಿಗಳನ್ನು ನಾನು ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೆ.

ಅಷ್ಟರಲ್ಲಿ ಕೊರೊನಾ ಬಂತು. ಬಸ್ಸುಗಳು ನಿಂತವು, ಡಾಕ್ಟರಮ್ಮನ ದವಾಖಾನೆಯ ಬಾಗಿಲು ಮುಚ್ಚಿತು. ಸಿರುಗುಪ್ಪದಲ್ಲಿ ಅಕ್ಕ ಕೆಮ್ಮಿದರೆ ಓಣಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಗಾದಿ ತುಂಬಲು ಕೊಟ್ಟವರು ವಾಪಸು ಒಯ್ಯಲಿಕ್ಕೂ ಅಂಜಿದರು. ದಿನಸಿ ಅಂಗಡಿಯವನು ಅವಳನ್ನು ದೂರದಲ್ಲೇ ನಿಲ್ಲಿಸಿ ಸಾಮಾನನ್ನು ನೆಲದ ಮೇಲೆ ಇಟ್ಟನಂತೆ. ಅವತ್ತು ಅವಳು ಫೋನಿನಲ್ಲಿ ಅತ್ತಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆ ಮಾತ್ರಿ ಹದಿನೈದು ದಿನ ಬಿಡು," ಎಂದೆ ನಾನು. "ಮುಂಜಾನಿ ಖಾಲಿ ಹೊಟ್ಟಿಲಿ ಎರಡು ಎಸಳು ಹಸಿ ಬೆಳ್ಳುಳ್ಳಿ ಜಜ್ಜಿ ತಿನ್ನು. ನಾನೂ ತಿನ್ನಾಕ ಹತ್ತೀನಿ. ನನ್ನ ಬಿಪಿ ಇಳದೈತಿ."

ನಾನು ಸುಳ್ಳು ಹೇಳಿರಲಿಲ್ಲ. ನನ್ನ ಬಿಪಿ ಮಾತ್ರೆ ಬೇಕೋ ಬೇಡವೋ ಎನ್ನುವ ಗಡಿಯಲ್ಲಿತ್ತು, ಸ್ವಲ್ಪ ಇಳಿದಿತ್ತು ಕೂಡ. ಆದರೆ ಅದೇ ಹೊತ್ತಿನಲ್ಲಿ ನಾನು ದಿನಾ ಬೆಳಿಗ್ಗೆ ಕೋಟೆಗುಡ್ಡದ ಬುಡದವರೆಗೆ ನಡೆಯತೊಡಗಿದ್ದೆ, ಉಪ್ಪಿನಕಾಯಿ ಬಿಟ್ಟಿದ್ದೆ, ಹೋಟೆಲಿನ ಮಿರ್ಚಿ ಸಿಗುತ್ತಿರಲಿಲ್ಲ. ಇದನ್ನೆಲ್ಲ ಪಕ್ಕಕ್ಕಿಟ್ಟು ಕೀರ್ತಿಯನ್ನು ಪೂರ್ತಿಯಾಗಿ ಬೆಳ್ಳುಳ್ಳಿಗೆ ಕೊಟ್ಟೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಬೆಳ್ಳುಳ್ಳಿಯ ಮಹಿಮೆ ಬರುತ್ತಿತ್ತು. ರಕ್ತನಾಳ ಸಡಿಲಿಸುತ್ತದೆ, ಕಿಡ್ನಿ ತೊಳೆಯುತ್ತದೆ ಎಂದು. ಓದಿದವನಿಗೆ ಓದದವರ ಮುಂದೆ ಹೇಳಲು ಒಂದು ಹೊಸ ಮಾತು ಬೇಕಿರುತ್ತದೆ. ನನಗೆ ಅದು ಸಿಕ್ಕಿತ್ತು.

ನಾಲ್ಕು ದಿನದಲ್ಲಿ ಅಕ್ಕನ ಕೆಮ್ಮು ನಿಂತಿತು. ಮಾತ್ರೆ ಬಿಟ್ಟದ್ದಕ್ಕೆ ನಿಂತಿತು. ಅವಳು ಬೆಳ್ಳುಳ್ಳಿಗೆ ನಿಂತಿತು ಎಂದುಕೊಂಡಳು. ಅಲ್ಲ ಎಂದು ನಾನು ಹೇಳಬೇಕಿತ್ತು. ಖುಷಿಯಲ್ಲಿ ಇದ್ದಾಳೆ, ಇರಲಿ ಎಂದು ಸುಮ್ಮನಾದೆ.

ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಒಮ್ಮೆ ಅಂಗಡಿಗೆ ಬಂದಳು. ಕೌಂಟರಿನ ಯಂತ್ರದಲ್ಲಿ ಬಿಪಿ ನೋಡಿದೆ. ಮಾತ್ರೆಗೆ ಮೊದಲು ಇದ್ದುದಕ್ಕಿಂತ ಸ್ವಲ್ಪ ಕಡಿಮೆಯಿತ್ತು, ಇರಬೇಕಾದುದಕ್ಕಿಂತ ಹೆಚ್ಚೇ ಇತ್ತು. ನಾನು ಹೆಚ್ಚನ್ನು ಬಿಟ್ಟು ಕಡಿಮೆಯನ್ನಷ್ಟೇ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಗಿರಾಕಿಗೂ ಹೇಳಿದೆ, ನೋಡ್ರಿ, ನಮ್ಮ ಅಕ್ಕ, ಮಾತ್ರಿ ಇಲ್ಲದ ಇಳಿಸ್ಯಾಳ ಎಂದು. ಅಕ್ಕ ಸೆರಗು ಹೊದ್ದುಕೊಂಡು ಸಂಕೋಚದಿಂದ ನಕ್ಕಳು.

ಹದಿನೈದು ದಿನ ಎಂದದ್ದು ತಿಂಗಳಾಯಿತು, ವರ್ಷವಾಯಿತು. ಹಸಿ ಬೆಳ್ಳುಳ್ಳಿ ಎದೆ ಉರಿಸುತ್ತದೆ ಎಂದಳು. ಆಗ ನಾನು ಹೆಂಡತಿಗೆ ಬೆಳ್ಳುಳ್ಳಿ ಖಾರ ಕುಟ್ಟಿಕೊಡಲು ಹೇಳಿದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಕಲ್ಲುಪ್ಪು. ಕೆಡದೆ ಇರಲಿ ಎಂದು ಉಪ್ಪು ತುಸು ಮುಂದಾಗಿಯೇ ಬೀಳುತ್ತಿತ್ತು. ಡಬ್ಬಿ ತುಂಬಿಸಿ ಮೊದಲು ಮಾತ್ರೆ ಒಯ್ಯುತ್ತಿದ್ದ ಅದೇ ಕಂಡಕ್ಟರ ಕೈಗೆ ಕೊಡುತ್ತಿದ್ದೆ. ಬಿಪಿ ಇರುವವಳಿಗೆ ಔಷಧಿಯ ಹೆಸರಿನಲ್ಲಿ ಉಪ್ಪು ಕಳಿಸುತ್ತಿದ್ದೇನೆ ಎಂದು, ಉಪ್ಪು ಕಡಿಮೆ ತಿನ್ನಿ ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುವ ನನಗೆ ಹೊಳೆಯಲಿಲ್ಲ.

ಅಕ್ಕ ಓಣಿಯಲ್ಲಿ ಬೆಳ್ಳುಳ್ಳಿಯವಳೆಂದೇ ಹೆಸರಾದಳು. ಅಕ್ಕಿ ಗಿರಣಿಗೆ ಹೋಗುವ ಹೆಂಗಸರು, ಕುರುಗೋಡಿನ ನಮ್ಮ ನೆಂಟರು, ಎಲ್ಲರೂ ಅವಳನ್ನು ಕೇಳುತ್ತಿದ್ದರು. ಬಳ್ಳಾರಾಗ ನಮ್ಮ ತಮ್ಮ ದೊಡ್ಡ ಮೆಡಿಕಲ್ ಶಾಪಿನ್ಯಾಗ ಅದಾನ, ಅವನೇ ಹೇಳ್ಯಾನ ಎನ್ನುತ್ತಿದ್ದಳಂತೆ. ಬಿಪಿ ನೋಡಿಸುತ್ತಿದ್ದೀಯಾ ಎಂದು ನಾನು ಫೋನಿನಲ್ಲಿ ಕೇಳುತ್ತಿದ್ದೆ. ಹೂಂ, ಚೊಲೋ ಐತಿ ಎನ್ನುತ್ತಿದ್ದಳು. ಎಷ್ಟು ಬಂತು ಎಂದು ಒಂದು ಸಲವೂ ಕೇಳಲಿಲ್ಲ. ಅವಳು ಯಾರ ಹತ್ತಿರವೂ ನೋಡಿಸಿರಲೇ ಇಲ್ಲ. ತಲೆನೋವು ಇಲ್ಲ, ಕೆಮ್ಮು ಇಲ್ಲ, ಮತ್ತೇನು ನೋಡಿಸುವುದು ಎಂದುಕೊಂಡಿದ್ದಳು.

ಹೀಗೆ ಮೂರೂವರೆ ವರ್ಷ ಕಳೆಯಿತು. ಕುರುಗೋಡಿನಲ್ಲಿ ಚಿಕ್ಕಪ್ಪ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಎಲ್ಲರೂ ಸೇರಿದ್ದೆವು. ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಮುಖ ದುಂಡಗಾಗಿತ್ತು. ದಪ್ಪ ಆಗಿದ್ದಾಳೆ ಎಂದು ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಪಾದದ ಮೇಲೆ ಕಾಲುಂಗುರ ಹೂತುಹೋಗಿತ್ತು. ನಾನು ಬಗ್ಗಿ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೇ ಉಳಿಯಿತು. ಅಕ್ಕ, ಒಂದು ತಿಂಗಳಿಂದ ಹಿಂಗ ಐತಿ, ನಿಂತು ನಿಂತು ಆಗಿರಬೇಕು ಎಂದಳು. ಊಟದ ತಟ್ಟೆ ಮುಟ್ಟದೆ ಎದ್ದೆ.

ಮರುದಿನ ಅದೇ ಡಾಕ್ಟರಮ್ಮನ ಮುಂದೆ ಕೂತಿದ್ದೆವು, ಅಕ್ಕ, ಭಾವ, ನಾನು. ಅವರು ಬಿಪಿ ಎರಡು ಸಲ ನೋಡಿದರು. ಎರಡನೆಯ ಸಲ ನೋಡಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಕ್ತದ ವರದಿ ಸಂಜೆಗೆ ಬಂತು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಂಬ ಸಾಲನ್ನು ನಾನು ಅವರಿಗಿಂತ ಮೊದಲೇ ಓದಿದೆ, ಅದು ಬಹಳ ಏರಿತ್ತು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಸಣ್ಣಗಾಗಿದ್ದವು.

"ಮಾತ್ರೆ ಯಾರು ನಿಲ್ಲಿಸಿದ್ದು?" ಎಂದು ಡಾಕ್ಟರಮ್ಮ ಕೇಳಿದರು.

ನಾನು ಮೇಜಿನ ಮೇಲಿದ್ದ ಕನ್ನಡಕ ನೋಡುತ್ತಿದ್ದೆ.

"ನಾನೇ ನಿಲ್ಸಿದೆರಿ," ಎಂದಳು ಅಕ್ಕ. "ಕೆಮ್ಮು ಬರ್ತಿತ್ತು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೆಮ್ಮು ಬಂದರೆ ಬೇರೆ ಮಾತ್ರೆ ಇತ್ತಲ್ಲಮ್ಮ, ಒಂದು ಫೋನು ಮಾಡಿದ್ದರೆ ಬದಲಿಸಿ ಕೊಡುತ್ತಿದ್ದೆ ಎಂದರು. ಬೆಳ್ಳುಳ್ಳಿಯ ಮಾತು ಬಂದಾಗ ಅವರು ಅದನ್ನು ಹೀಯಾಳಿಸಲೂ ಇಲ್ಲ. ಬೆಳ್ಳುಳ್ಳಿ ತಿಂದರೆ ಕೆಲವರಿಗೆ ಬಿಪಿ ಒಂದಿಷ್ಟು ಇಳಿಯುವುದು ನಿಜ, ಅಡುಗೆಯಲ್ಲಿ ತಿನ್ನಿ, ತಪ್ಪಿಲ್ಲ, ಆದರೆ ನಿಮ್ಮಷ್ಟು ಏರಿದ ಬಿಪಿಯನ್ನು ಅದು ಹಿಡಿದು ನಿಲ್ಲಿಸುವುದಿಲ್ಲ, ಹಾಳಾಗುತ್ತಿರುವ ಕಿಡ್ನಿಯನ್ನು ಕಾಯುವುದಂತೂ ಅದರ ಕೈಯಲ್ಲಿಲ್ಲ ಎಂದರು. ಬೇರೆ ಕಾರಣವೂ ಸೇರಿತ್ತೋ ಏನೋ ಈಗ ಹೇಳಲಾಗದು, ಬಿಪಿ ಹದ್ದುಬಸ್ತಿನಲ್ಲಿ ಇದ್ದಿದ್ದರೆ ಇಷ್ಟು ಬೇಗ ಇಲ್ಲಿಗೆ ಬರುತ್ತಿರಲಿಲ್ಲ ಎಂದು ಸೇರಿಸಿದರು. ಊಟದ ಬಗ್ಗೆ ಹೇಳುವ ನರ್ಸು ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಅಕ್ಕ ನನ್ನ ಹೆಂಡತಿ ಕಳಿಸುವ ಖಾರದ ರುಚಿಯನ್ನು ಹೊಗಳಿದಳು. ಉಪ್ಪು ಎಷ್ಟು ಹಾಕುತ್ತಾರೆ ಎಂದು ನರ್ಸು ನನ್ನನ್ನು ನೋಡಿದಳು. ಗೊತ್ತಿಲ್ಲ ಎಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ನೀವು ಕುಟ್ಟು ಅಂದ್ರಿ, ಕುಟ್ಟಿದೆ, ಈಗ ನನ್ನ ತಲಿ ಮ್ಯಾಲೆ ಹಾಕಬ್ಯಾಡ್ರಿ ಎಂದಳು. ಅಷ್ಟೂ ನಿಜವೇ.

ಕೆಲವು ತಿಂಗಳು ಮಾತ್ರೆಯಲ್ಲಿ ತಳ್ಳಿದರು. ಆಮೇಲೆ ಅಕ್ಕನ ಎಡಗೈಯಲ್ಲಿ ಯಂತ್ರದ ಸೂಜಿ ಚುಚ್ಚಲೆಂದು ನರ ಕೂಡಿಸಿ ಡಯಾಲಿಸಿಸ್ ಶುರು ಮಾಡಿದರು. ವಾರಕ್ಕೆ ಎರಡು ದಿನ, ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸು. ನನ್ನ ಕಿಡ್ನಿ ಕೊಡುತ್ತೇನೆ ಎಂದೆ. ನಿಮಗೇ ಬಿಪಿ ಇದೆ, ಆಗುವುದಿಲ್ಲ ಎಂದು ಡಾಕ್ಟರು ಒಂದೇ ಮಾತಿನಲ್ಲಿ ಮುಗಿಸಿದರು. ಭಾವನಿಗೆ ಸಕ್ಕರೆ ಕಾಯಿಲೆ. ತನ್ನ ಮಗಳದ್ದು ಬೇಡ ಎಂದು ಅಕ್ಕ ಹಟ ಹಿಡಿದಳು. ಎಡಗೈಗೆ ಭಾರ ತಾಗಬಾರದು ಎಂದ ಮೇಲೆ ಅವಳು ಗಾದಿ ಹೊಲಿಯುವುದು ನಿಂತಿತು. ಬಳ್ಳಾರಿಯ ಬಿಸಿಲಿನಲ್ಲಿ ದಿನಕ್ಕೆ ಇಷ್ಟೇ ನೀರು ಎಂದು ಲೋಟದ ಲೆಕ್ಕ ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಜನ ಕಬ್ಬಿನ ಹಾಲು ಕುಡಿಯುವಾಗ ಅವಳು ಆ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಗುರುವಾರದ ಪಾಳಿಗೆ ನಾನು ಜೊತೆ ಹೋಗುತ್ತಿದ್ದೆ. ನಾಲ್ಕು ಗಂಟೆ ಅವಳ ರಕ್ತ ಯಂತ್ರದೊಳಗೆ ಹೋಗಿ ಬರುವುದನ್ನು ನೋಡುತ್ತ ಕೂರುತ್ತಿದ್ದೆ.

ಇಷ್ಟರಲ್ಲಿ ಮನೆಮಂದಿಯ ನಡುವೆ ಒಂದು ಕಥೆ ಗಟ್ಟಿಯಾಗಿ ಬೇರು ಬಿಟ್ಟಿತು. ಅಕ್ಕನ ಕಿಡ್ನಿ ಹಾಳಾದದ್ದು ಆ ಇಂಗ್ಲಿಷ್ ಮಾತ್ರೆಯಿಂದ, ಬೆಳ್ಳುಳ್ಳಿ ತಿಂದದ್ದರಿಂದ ಇಷ್ಟು ದಿನವಾದರೂ ತಡೆಯಿತು ಎಂದು. ಭಾವ ಅದನ್ನೇ ಹೇಳುತ್ತಿದ್ದ. ಅವಳು ಮಾತ್ರೆ ತಿಂದದ್ದು ಕೆಲವೇ ತಿಂಗಳು, ಬಿಟ್ಟದ್ದು ಮೂರೂವರೆ ವರ್ಷ ಎಂದು ಲೆಕ್ಕ ಹಾಕಲು ಯಾರಿಗೂ ಬೇಕಿರಲಿಲ್ಲ. ನನಗಂತೂ ಆ ಕಥೆಯ ನೆರಳು ತಂಪಾಗಿತ್ತು. ಯಾರೂ ನನ್ನ ಕಡೆ ಬೆರಳು ತೋರಿಸುತ್ತಿರಲಿಲ್ಲ. ತಮ್ಮ ಅಕ್ಕನನ್ನು ಎಷ್ಟು ನೋಡಿಕೊಳ್ಳುತ್ತಾನೆ ಎಂದೇ ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಜನ ಅದನ್ನು ವಿನಯ ಎಂದುಕೊಂಡರು.

ಡಯಾಲಿಸಿಸ್ ಶುರುವಾಗಿ ಎಂಟು ತಿಂಗಳಾಗಿರಬೇಕು. ಅಕ್ಕನ ಒಬ್ಬಳೇ ಮಗಳನ್ನು ಕುರುಗೋಡಿಗೇ ಕೊಟ್ಟಿದ್ದರು. ಅವಳು ಆರು ತಿಂಗಳ ಬಸುರಿ. ಅಳಿಯ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದ. ಬಸುರಿಯ ಬಿಪಿ ಏರಿದೆ, ದವಾಖಾನೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ, ಅವಳು ನುಂಗುತ್ತಿಲ್ಲ ಎಂದ. ಅಮ್ಮನ ಕಿಡ್ನಿ ಮಾತ್ರೆಯಿಂದ ಹೋಯಿತು, ನನಗೂ ಮಗುವಿಗೂ ಬೇಡ ಎನ್ನುತ್ತಾಳಂತೆ. ಮನೆಯಲ್ಲಿ ದಿನಾ ಬೆಳ್ಳುಳ್ಳಿ ಜಜ್ಜಿ ಕೊಡುತ್ತಿದ್ದಾರಂತೆ. ಮಾವಾ, ಬೆಳ್ಳುಳ್ಳಿ ಎಷ್ಟು ಕೊಡಬೇಕು, ನೀವು ಒಂದು ಮಾತು ಹೇಳಿದ್ರ ಸಾಕು ಎಂದ. ಅವನ ಮುಖದಲ್ಲಿ ಪೂರ್ತಿ ನಂಬಿಕೆಯಿತ್ತು.

ಮಾಲೀಕನಿಗೆ ಹೇಳಿ ಅಳಿಯನ ಬೈಕಿನ ಹಿಂದೆ ಕೂತು ಹಾಗೇ ಕುರುಗೋಡಿಗೆ ಹೋದೆ. ಅವತ್ತು ಡಯಾಲಿಸಿಸ್ ಇಲ್ಲದ ದಿನ, ಅಕ್ಕ ಭಾವ ಇಬ್ಬರೂ ಮಗಳನ್ನು ನೋಡಲು ಅಲ್ಲಿಗೇ ಬಂದಿದ್ದರು. ಮಗಳ ಮುಖ ಸ್ವಲ್ಪ ಊದಿತ್ತು. ನಾನು ನಿಂತೇ ಮಾತಾಡಿದೆ.

"ನಿಮ್ಮ ಅವ್ವನ ಕಿಡ್ನಿ ಹಾಳಾಗಿದ್ದು ಮಾತ್ರಿ ತಿಂದದ್ದಕ್ಕಲ್ಲ, ಬಿಟ್ಟಿದ್ದಕ್ಕ. ಬಿಡು ಅಂದವ ನಾನು. ಬ್ಯಾರೆ ಮಾತ್ರಿ ಐತಿ ಅಂತ ನನಗ ಗೊತ್ತಿತ್ತು. ಹೇಳಲಿಲ್ಲ."

ಭಾವ ಗೋಡೆಗೊರಗಿ ಕುಳಿತಿದ್ದವನು ನೆಟ್ಟಗಾದ. ಡಾಕ್ಟರ ಮುಂದೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದ. ನಾನು ಹೆದರಿದೆ ಎಂದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಕಡೆ ತಿರುಗಿ ದವಾಖಾನೆಯಲ್ಲಿ ಕೊಟ್ಟ ಮಾತ್ರೆ ತೆಗೆದುಕೊಂಡು ಬಾ ಎಂದಳು. ನನಗೆ ಏನೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಅಕ್ಕ ಮಾತ್ರ ಹೊರಗೆ ಜಗುಲಿಗೆ ಬಂದು ನನ್ನ ಪಕ್ಕ ಕುಳಿತಳು. ಅವಳು ಅಳುತ್ತಾಳೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ.

"ನನಗ ಗೊತ್ತಿತ್ತು," ಎಂದಳು. "ಡಯಾಲಿಸಿಸ್ ಸುರು ಆದ ಮೊದಲನೇ ತಿಂಗಳದಾಗ ಗೊತ್ತಾತು. ನನ್ನ ಬಾಜೂ ಮಂಚದಾಕಿಗೂ ಅದೇ ಕೆಮ್ಮು ಬಂದಿತ್ತಂತ. ಆಕಿಗೆ ಮೆಡಿಕಲ್ ಶಾಪಿನಾವನೇ ಹೇಳಿದನಂತ, ಡಾಕ್ಟರ ಕಡಿ ಹೋಗಿ ಮಾತ್ರಿ ಬದಲ ಮಾಡಿಸ್ಕೋ ಅಂತ. ನಿನಗ ಗೊತ್ತಿರಲಾರದ ಮಾತು ಅದಲ್ಲ."

ನಾನು ಅವಳ ಕೈ ಹಿಡಿಯಲು ಹೋದೆ. ಅದು ನರ ಕೂಡಿಸಿದ ಕೈ. ಅವಳು ಹಿಂದಕ್ಕೆ ಎಳೆದುಕೊಂಡಳು.

"ಡಾಕ್ಟರ ಮುಂದ ನಿನ್ನ ಮುಚ್ಚಿಟ್ಟೆ, ಅದು ನನ್ನ ಖುಷಿ. ಪ್ರತಿ ಗುರುವಾರ ನಾಲ್ಕು ತಾಸು ನನ್ನ ಮುಂದ ಕುಂದರ್ತಿದ್ದಿ. ಇವತ್ತು ಹೇಳ್ತಾನ, ಮುಂದಿನ ವಾರ ಹೇಳ್ತಾನ ಅಂತ ಕಾದೆ. ನನಗ ಹೇಳಲಿಲ್ಲ ನೀನು. ನನ್ನ ಮಗಳಿಗೆ ಹೇಳಿದಿ."

ಇಷ್ಟು ಹೇಳಿ ಒಳಗೆ ಹೋದಳು. ನಾನು ಬಳ್ಳಾರಿಯ ಬಸ್ಸು ಹತ್ತಿದೆ.

ಮಗಳು ಮಾತ್ರೆ ತಪ್ಪಿಸಲಿಲ್ಲ. ದಿನ ತುಂಬುವ ಸ್ವಲ್ಪ ಮೊದಲೇ ಬಳ್ಳಾರಿಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆ ಎಂದು ಅಳಿಯ ಫೋನು ಮಾಡಿದ. ನೋಡಲು ಬರಲೇ ಎಂದು ಕೇಳಿದೆ. ಸ್ವಲ್ಪ ದಿನ ಹೋಗ್ಲಿ ಮಾವಾ ಎಂದ. ಮಗು ಈಗ ನಡೆಯುತ್ತದಂತೆ.

ನಮ್ಮ ಮಾಲೀಕ ಈಚೆಗೆ ಬೆಳ್ಳುಳ್ಳಿಯ ಕ್ಯಾಪ್ಸೂಲ್ ತರಿಸಿ ಎದುರಿನ ಸಾಲಿನಲ್ಲಿ ಜೋಡಿಸಿದ್ದಾನೆ. ಚೆನ್ನಾಗಿ ಖರ್ಚಾಗುತ್ತದೆ. ಕೇಳಿದವರಿಗೆ ನಾನು ಕೊಡುತ್ತೇನೆ, ಇದನ್ನು ತಿಂದರೂ ಬಿಪಿ ಮಾತ್ರೆ ನಿಲ್ಲಿಸಬೇಡಿ ಎನ್ನುತ್ತೇನೆ. ವ್ಯಾಪಾರಕ್ಕೆ ಹೇಳುತ್ತಾನೆ ಎಂಬಂತೆ ಕೆಲವರು ನಗುತ್ತಾರೆ. ಒಬ್ಬ ಗಿರಾಕಿ, ನೀವೇ ಅಲ್ಲೇನ್ರಿ ನಿಮ್ಮ ಅಕ್ಕನ್ನ ತೋರಿಸಿ ಮಾತ್ರಿ ಬ್ಯಾಡ ಅಂದಿದ್ದು ಎಂದು ಕೇಳಿದ. ಹೌದು ಎಂದೆ. ಅಕ್ಕ ಹೇಗಿದ್ದಾಳೆ ಎಂದ. ಡಯಾಲಿಸಿಸ್ ಮೇಲೆ ಇದ್ದಾಳೆ ಎಂದೆ. ಅವನು ತನ್ನ ಮಾತ್ರೆಯ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು ಹೋದ.

ಕುರುಗೋಡಿನ ಆ ದಿನದ ನಂತರವೂ ಕೆಲವು ಗುರುವಾರ ನಾನು ಅಕ್ಕನ ಜೊತೆ ಕುಳಿತೆ. ಅವಳು ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ ಎರಡು ಮಾತಾಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಯಂತ್ರದಿಂದ ಬಿಡಿಸಿದ ಮೇಲೆ, ಚಪ್ಪಲಿ ಹುಡುಕುತ್ತ, ಬರುವ ವಾರದಿಂದ ನೀ ಬರಬ್ಯಾಡ, ಅಂಗಡಿ ಬಿಟ್ಟು ಬರಾದು ತ್ರಾಸು, ಅಳಿಯ ಬರ್ತಾನ ಎಂದಳು. ಕೋಪದಿಂದ ಹೇಳಲಿಲ್ಲ. ಮನೆಯ ಒಂದು ಕೆಲಸವನ್ನು ಬೇರೆಯವರಿಗೆ ವಹಿಸಿದಂತೆ ಹೇಳಿದಳು. ಈಗ ಅಳಿಯನೇ ಬರುತ್ತಾನೆ. ಗುರುವಾರ ಸಂಜೆ ಅವನಿಗೆ ಫೋನು ಮಾಡಿ ಇವತ್ತು ಬಿಪಿ ಎಷ್ಟಿತ್ತು ಎಂದು ಕೇಳುತ್ತೇನೆ. ಅವನು ಹೇಳುತ್ತಾನೆ. ನಾನು ಬರೆದುಕೊಳ್ಳುತ್ತೇನೆ.